14ರಿಂದ 20ರವರೆಗೆ

ತಿಂಗಳ 14ನೇ ತಾರೀಖು ಬಂತೆಂದರೆ ವಿಜಯಪುರದ ಸೊಲ್ಲಾಪುರ ರಸ್ತೆಯ ಆಸುಪಾಸಿನ ಲೆಕ್ಕಪತ್ರದ ಆಫೀಸುಗಳಲ್ಲಿ ಯಾರಿಗೂ ತಲೆ ಎತ್ತಲು ಪುರುಸೊತ್ತಿಲ್ಲ. ಅಂದು ಜಿಎಸ್‌ಟಿ ಪೋರ್ಟಲ್‌ನಲ್ಲಿ 2ಬಿ ಸಿದ್ಧವಾಗುತ್ತದೆ. ನಮಗೆ ಸರಕು ಮಾರಿದವರು ತಮ್ಮ ರಿಟರ್ನ್‌ನಲ್ಲಿ ತೋರಿಸಿದ ಬಿಲ್ಲುಗಳ ಪಟ್ಟಿ ಅದು. ತಿಂಗಳಿಗೊಮ್ಮೆ ರಿಟರ್ನ್ ಹಾಕುವವರು 20ರೊಳಗೆ ತೆರಿಗೆ ಲೆಕ್ಕದ 3ಬಿ ರಿಟರ್ನ್ ಸಲ್ಲಿಸಬೇಕು. ನಡುವಿನ ದಿನಗಳೆಲ್ಲ ಲೆಕ್ಕದ ತಂತ್ರಾಂಶ ಟ್ಯಾಲಿಯ ಖರೀದಿ ಪುಸ್ತಕವನ್ನೂ 2ಬಿಯನ್ನೂ ಎಕ್ಸೆಲ್‌ನಲ್ಲಿ ಅಕ್ಕಪಕ್ಕ ಇಟ್ಟು ತಾಳೆ ನೋಡುವುದರಲ್ಲೇ ಕಳೆಯುತ್ತವೆ. 2022ರ ಜನವರಿಯಿಂದ 2ಬಿಯಲ್ಲಿ ಕಾಣದ ಬಿಲ್ಲಿಗೆ ಇನ್‌ಪುಟ್ ಕ್ರೆಡಿಟ್, ಅಂದರೆ ಖರೀದಿಯಲ್ಲಿ ಕೊಟ್ಟ ತೆರಿಗೆಯ ವಜಾ, ಇಲ್ಲ. ಒಂದು ಸಾಲು ತಪ್ಪಿದರೂ ವ್ಯಾಪಾರಿಯ ದುಡ್ಡು ಆ ತಿಂಗಳು ಸಿಕ್ಕಿಹಾಕಿಕೊಂಡಂತೆಯೇ.

ತಿಕೋಟಾ, ಬಬಲೇಶ್ವರ ಕಡೆಯ ಒಣದ್ರಾಕ್ಷಿ ವ್ಯಾಪಾರಿಯ ಖಾತೆ ತೆಗೆದು ನೋಡಿ. ರೈತನೇ ಮಾರಿದ ಒಣದ್ರಾಕ್ಷಿಗೆ ತೆರಿಗೆ ಇಲ್ಲ ಎಂದು ಜಿಎಸ್‌ಟಿ ಮಂಡಳಿ 2024ರ ಡಿಸೆಂಬರ್ 21ರಂದು ಜೈಸಲ್ಮೇರ್‌ನಲ್ಲಿ ಸೇರಿದ ತನ್ನ 55ನೇ ಸಭೆಯಲ್ಲಿ ಸ್ಪಷ್ಟಪಡಿಸಿತು. ಅದೇ ಮಾಲನ್ನು ಇನ್ನೊಬ್ಬ ವ್ಯಾಪಾರಿಯಿಂದ ಕೊಂಡರೆ ತೆರಿಗೆ ಉಂಟು. ರಟ್ಟಿನ ಬಾಕ್ಸು ಸೊಲ್ಲಾಪುರದಿಂದ ಬಂದರೆ ಮಾರಿದವರ ಜಿಎಸ್‌ಟಿ ನಂಬರು ಮಹಾರಾಷ್ಟ್ರದ 27ರಿಂದ ಶುರುವಾಗುತ್ತದೆ, ಐಜಿಎಸ್‌ಟಿ ಬೀಳುತ್ತದೆ. ವಿಜಯಪುರದಲ್ಲೇ ಕೊಂಡರೆ 29, ತೆರಿಗೆ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಎಂದು ಎರಡಾಗುತ್ತದೆ. ಗಡಿ ಜಿಲ್ಲೆಯ ಹಾಳೆಯಲ್ಲಿ ಇವೆಲ್ಲ ಒಂದೇ ಪುಟದಲ್ಲಿ ಕಲೆಯುತ್ತವೆ.

ಇಷ್ಟನ್ನೂ ಕಾಪಿ, ಪೇಸ್ಟ್ ಮಾಡುತ್ತ ಕೂತರೆ ಆಗುವುದೇನು? ಬಿಲ್ ನಂಬರು 00127 ಎಂದಿದ್ದದ್ದು ಎಕ್ಸೆಲ್‌ಗೆ ಇಳಿಯುತ್ತಲೇ 127 ಆಗುತ್ತದೆ. ಏಪ್ರಿಲ್ 5 ಎಂಬುದು ಕಂಪ್ಯೂಟರಿನ ಸೆಟ್ಟಿಂಗ್ ಬೇರೆ ಇದ್ದರೆ ಮೇ 4 ಆಗಿಬಿಡುತ್ತದೆ. ಬಿಲ್ಲು ಎರಡೂ ಕಡೆ ಇದೆ, ಹಾಳೆ ಮಾತ್ರ ಇಲ್ಲವೆನ್ನುತ್ತದೆ. ಆಗ ಫೋನು ಹೋಗುತ್ತದೆ: "ಸಾವಕಾರ್ರ, ನಿಮ್ಮ ಬಿಲ್ಲು 2ಬಿಯೊಳಗ ಕಾಣವಲ್ದರಿ." ಹೊತ್ತಿಗೆ ಸರಿಯಾಗಿ ರಿಟರ್ನ್ ಹಾಕಿದ ಮನುಷ್ಯ ಸುಮ್ಮನೆ ಮಾತು ಕೇಳಬೇಕಾಗುತ್ತದೆ.

ಇದಕ್ಕೆ ಮದ್ದು ಎಕ್ಸೆಲ್‌ನಲ್ಲೇ ಇದೆ: ಮೂಲ ಫೈಲಿನಿಂದ ಮಾಹಿತಿಯನ್ನು ನೇರವಾಗಿ ಎಳೆದುಕೊಳ್ಳುವ ಪವರ್ ಕ್ವೆರಿ 2016ರ ಆವೃತ್ತಿಯಿಂದಲೇ ಅದರೊಳಗಿದೆ. ಡೇಟಾ ಟ್ಯಾಬ್‌ನ ಗೆಟ್ ಡೇಟಾದಲ್ಲಿ ಸಿಗುತ್ತದೆ. ಪೋರ್ಟಲ್‌ನಿಂದ ಇಳಿಸಿಕೊಂಡ 2ಬಿ ಫೈಲುಗಳಿಗೆ ಒಂದು ಫೋಲ್ಡರ್, ಟ್ಯಾಲಿಯಿಂದ ತೆಗೆದ ಖರೀದಿ ಪುಸ್ತಕಕ್ಕೆ ಇನ್ನೊಂದು ಫೋಲ್ಡರ್ ಮಾಡಿ ಪವರ್ ಕ್ವೆರಿಗೆ ತೋರಿಸಬೇಕು. ಬಿಲ್ ನಂಬರಿನ ಕಾಲಂ ಅಂಕಿಯಲ್ಲ, ಅಕ್ಷರ ಎಂದೂ, ತಾರೀಖು ಭಾರತದ ಕ್ರಮದ್ದು ಎಂದೂ ಒಮ್ಮೆ ಹೇಳಿಕೊಟ್ಟರೆ ಮುಂದಿನ ತಿಂಗಳು ರಿಫ್ರೆಶ್ ಒತ್ತಿದರಾಯಿತು. ಕ್ಲೌಡ್‌ನಲ್ಲಿರುವ ಲೆಕ್ಕಕ್ಕೂ ಇದೇ ದಾರಿ. ಒಣದ್ರಾಕ್ಷಿ ಇಡುವ ಕೋಲ್ಡ್ ಸ್ಟೋರೇಜಿನವರು ದಾಸ್ತಾನನ್ನು ಗೂಗಲ್ ಶೀಟ್‌ನಲ್ಲಿ ಬರೆದಿಡುವುದಾದರೆ ಅದನ್ನೂ ಜೋಡಿಸಬಹುದು. ಬೇಸಿಗೆಯಲ್ಲಿ ಇಟ್ಟ ಮಾಲನ್ನು ರೈತ ದರ ನೋಡಿಕೊಂಡು ವರ್ಷವಿಡೀ ಸ್ವಲ್ಪ ಸ್ವಲ್ಪವೇ ತೆಗೆಯುತ್ತಾನೆ. ಹೋದ ವಾರ ಪೇಸ್ಟ್ ಮಾಡಿದ ದಾಸ್ತಾನು ನೋಡಿ ದೂರದ ಗಿರಾಕಿಗೆ ಮಾತು ಕೊಟ್ಟರೆ, ಆ ಮಾತು ಉಳಿಸಿಕೊಳ್ಳಲು ಮಾಲು ಇರಬೇಕಲ್ಲ!

1986ರಲ್ಲಿ ಶುರುವಾದ ಟ್ಯಾಲಿ ಬೆಂಗಳೂರಿನದು. ಜಿಎಸ್‌ಟಿ ಪೋರ್ಟಲ್ ಕಟ್ಟಿದ ಇನ್ಫೋಸಿಸ್ ಕೂಡ ಬೆಂಗಳೂರಿನದೇ. ಇವೆರಡರ ನಡುವೆ ಬಿ.ಕಾಂ. ಮುಗಿಸಿದ ನಮ್ಮ ಹುಡುಗ ಹುಡುಗಿಯರು ರಾತ್ರಿ ಒಂಬತ್ತರವರೆಗೆ ಕಾಪಿ ಮಾಡುತ್ತ ಕೂರುವುದು ನನಗೆ ಸಹಿಸಲಾಗದ ಸಂಗತಿ. ಅವರ ಬುದ್ಧಿ ಬೇಕಿರುವುದು ಬೇರೆ ಕಡೆ: ಈ ಮಾಲು ಕೊಟ್ಟವನು ರೈತನೋ ವ್ಯಾಪಾರಿಯೋ, ಈ ಬಿಲ್ಲು ನಿಜಕ್ಕೂ ಬಿಟ್ಟುಹೋಗಿದೆಯೋ ಮುಂದಿನ ತಿಂಗಳಿಗೆ ಬಿದ್ದಿದೆಯೋ ಎಂದು ನಿರ್ಧರಿಸುವಲ್ಲಿ. ಅದನ್ನು ಯಾವ ರಿಫ್ರೆಶ್ ಗುಂಡಿಯೂ ಮಾಡಿಕೊಡದು. ವಾಣಿಜ್ಯ ಕಾಲೇಜುಗಳಲ್ಲಿ ವಿಲುಕಪ್ ಸೂತ್ರಕ್ಕಿಂತ ಮೊದಲು ಈ ಜೋಡಣೆ ಕಲಿಸಬೇಕು.

ಜೊತೆಗೆ ಅದರ ಅಪಾಯವನ್ನೂ ಕಲಿಸಬೇಕು. ಮೂಲಕ್ಕೆ ಹೋಗುವ ಲಾಗಿನ್ ಗುರುತು ಉಳಿಯುವುದು ಜೋಡಿಸಿದವರ ಕಂಪ್ಯೂಟರಿನಲ್ಲಿ, ಎಕ್ಸೆಲ್ ಫೈಲಿನಲ್ಲಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಫೈಲನ್ನು ಮಾಲೀಕರು ತೆರೆದರೆ ಹಳೆಯ ಅಂಕಿಗಳು ಹೊಸವುಗಳಂತೆಯೇ ಕಾಣುತ್ತವೆ. ಜೋಡಿಸಿದಾತ ಕೆಲಸ ಬಿಟ್ಟು ಪುಣೆಗೆ ಹೋದನೆಂದರೆ ಆಫೀಸಿನಲ್ಲಿ ಆ ಫೈಲಿಗೆ ಮೂಲದ ದಾರಿಯೇ ಇರುವುದಿಲ್ಲ. ಆದ್ದರಿಂದ ಲಾಗಿನ್ ಆಫೀಸಿನ ಹೆಸರಿನಲ್ಲಿರಲಿ. ಕೊನೆಯ ಸಲ ರಿಫ್ರೆಶ್ ಆದ ತಾರೀಖು, ಹೊತ್ತು ಎರಡೂ ಹಾಳೆಯ ಮೊದಲ ಸಾಲಿನಲ್ಲೇ ದಪ್ಪಕ್ಷರದಲ್ಲಿ ಕಾಣಲಿ. ಅಲ್ಲಿಂದ ಕೆಳಗಿನದನ್ನು ಮಾಲೀಕರು ಆಮೇಲೆ ಓದಲಿ.