ಬೆಟ್ಟ ಯಾರದು?

ಚಂದಕವಾಡಿಯಲ್ಲಿ ನಿಂತು ಮೂಡಲಿಗೆ ಮುಖಮಾಡಿದರೆ ಬಿಳಿಗಿರಿರಂಗನ ಬೆಟ್ಟದ ಸಾಲು ನೀಲಿಯಾಗಿ ಕಾಣುತ್ತದೆ. ಕಣ್ಣು ಆ ಕಡೆ ಹೋಗುವುದು ಸಹಜ. ಆದರೆ ಈ ಸೀಮೆಯ ದೊಡ್ಡ ಐಶ್ವರ್ಯ ಇರುವುದು ಕಾಲ ಕೆಳಗೆ. ಇಲ್ಲಿನ ನೆಲಗಟ್ಟು 250 ಕೋಟಿ ವರ್ಷಗಳಿಗೂ ಹಿಂದಿನದೆಂದು ಭೂವಿಜ್ಞಾನಿಗಳ ಲೆಕ್ಕ. ಆ ಹಳೆಯ ನೈಸ್ ಶಿಲೆ ಬಿರಿದಾಗ ಆಳದಿಂದ ಕರಗಿದ ಕಲ್ಲು ನುಗ್ಗಿ ಬಂದು, ಬಿರುಕಿನೊಳಗೇ ಆರಿ, ನೆಟ್ಟಗೆ ನಿಂತ ಗೋಡೆಯಾಯಿತು. ಅದೇ ಚಾಮರಾಜನಗರದ ಕರಿಕಲ್ಲು. ಕಣ ಸಣ್ಣದು, ಬಣ್ಣ ಕಪ್ಪು, ಉಜ್ಜಿದರೆ ಕನ್ನಡಿ. ಈ ಗುಣವೇ ಅದಕ್ಕೆ ಮುಳುವಾಯಿತು. ಯುರೋಪು, ಜಪಾನುಗಳ ಸಮಾಧಿಗಳ ಮೇಲೆ ನಿಲ್ಲಲು ಅದು ಹಡಗು ಹತ್ತಿತು. ಗೋಡೆ ಕಿರಿದಾದ್ದರಿಂದ ಕ್ವಾರಿ ಆಳಕ್ಕಿಳಿಯಬೇಕು. ಒಡೆದುದರಲ್ಲಿ ಬಹುಪಾಲು ಕೆಲಸಕ್ಕೆ ಬಾರದೆಂದು ಹೊರಗೆ ರಾಶಿ ಬೀಳುತ್ತದೆ. ಕಲ್ಲು ಮುಗಿದ ಮೇಲೆ ಊರಿಗುಳಿಯುವುದು ಮಳೆನೀರು ನಿಂತ ಗುಂಡಿ.

ಇದೇ ತಾಲ್ಲೂಕಿನ ಮಲೆಯೂರಿನಲ್ಲಿ ಕನಕಗಿರಿಯಿದೆ. ‘ರಾಜಾವಳಿ ಕಥೆ’ ಬರೆದ ದೇವಚಂದ್ರನ ಊರು ಅದು. ಪೂಜ್ಯಪಾದರು ಆ ಬೆಟ್ಟದ ಮೇಲೆ ತಪಸ್ಸು ಮಾಡಿದರೆಂದು ಜೈನ ಪರಂಪರೆ ನಂಬುತ್ತದೆ. ಪಾರ್ಶ್ವನಾಥನ ಬಸದಿ, ಬಂಡೆಯ ಮೇಲೆ ಕೊರೆದ ಪಾದಗಳು, ಶಾಸನಗಳು ಅಲ್ಲಿವೆ. ಆ ಬೆಟ್ಟವನ್ನು ಒಡೆಯೋಣವೆಂದರೆ ನಾಡು ಸುಮ್ಮನಿರದು. ಹಾಗಾದರೆ ಸಾಧುವೊಬ್ಬನು ಕಾಲಿಡದ ಬೆಟ್ಟ ಮಾಡಿದ ಅಪರಾಧವೇನು?

ಸ್ಕಾಟ್ಲೆಂಡಿನ ಪಡುವಲ ಕಡಲಿನ ಅಯೋನಾ ದ್ವೀಪವೂ ಇಂಥದೇ ಪ್ರಾಚೀನ ನೈಸ್ ಶಿಲೆಯ ನೆಲ. 563ರಲ್ಲಿ ಐರ್ಲೆಂಡಿನಿಂದ ಬಂದ ಸಂತ ಕೊಲಂಬ ಅಲ್ಲಿ ಮಠ ಕಟ್ಟಿದ, ದ್ವೀಪ ಪುಣ್ಯಭೂಮಿಯಾಯಿತು. ಆದರೂ ಅದರ ತೆಂಕಣ ತೀರದಲ್ಲಿ 20ನೆಯ ಶತಮಾನದ ಆರಂಭದವರೆಗೂ ಅಮೃತಶಿಲೆ ತೆಗೆಯುತ್ತಿದ್ದರು. ಸಂತನ ಹೆಸರೊಂದೇ ಕಲ್ಲನ್ನು ಕಾಯಲಾರದೆಂದಾಯಿತು.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಅದು ನ್ಯಾಯವಾದ ಆಕ್ಷೇಪವೇ. ಬಸದಿ ಕಟ್ಟಿದವರು ಕಲ್ಲು ಒಡೆಯಲಿಲ್ಲವೆ? ಅರಿಕುಠಾರವೆಂದು ಹೆಸರಿದ್ದ ಇಂದಿನ ಚಾಮರಾಜನಗರದಲ್ಲಿ, ವಿಷ್ಣುವರ್ಧನನ ದಂಡನಾಯಕ ಪುಣಿಸ 1117ರಲ್ಲಿ ವಿಜಯಪಾರ್ಶ್ವನಾಥ ಬಸದಿ ಕಟ್ಟಿಸಿದ. ಅದರ ಕಲ್ಲೂ ಯಾವುದೋ ಬಂಡೆಯಿಂದಲೇ ಬಂದುದು. ಕ್ವಾರಿಯಲ್ಲಿ ದುಡಿದು ಮಕ್ಕಳಿಗೆ ಮುದ್ದೆ ಇಕ್ಕುವವನಿಗೆ ಶಿಲೆಯ ಪಾವಿತ್ರ್ಯವನ್ನು ಉಪದೇಶಿಸುವ ಧೈರ್ಯ ನನಗಂತೂ ಇಲ್ಲ.

ಉತ್ತರಕ್ಕಾಗಿ ಪೂಜ್ಯಪಾದರ ಬಳಿಗೇ ಹೋಗಬಹುದು. ತತ್ತ್ವಾರ್ಥಸೂತ್ರಕ್ಕೆ ಅವರು ಬರೆದ ವ್ಯಾಖ್ಯಾನ ‘ಸರ್ವಾರ್ಥಸಿದ್ಧಿ’. ಜೈನಮತ ನೆಲವನ್ನೂ ಜೀವಿಗಳ ಸಾಲಿನಲ್ಲಿಡುತ್ತದೆ. ಅದಕ್ಕೆ ಇರುವುದು ಸ್ಪರ್ಶವೆಂಬ ಒಂದೇ ಇಂದ್ರಿಯ. ಜೀವ ಬಿಟ್ಟುಹೋದ ಪೃಥ್ವೀಕಾಯ ಸತ್ತ ಮನುಷ್ಯನ ದೇಹದಂತೆ ಎಂದು ಆಚಾರ್ಯರು ವಿವರಿಸುತ್ತಾರೆ. ಅವರ ಮಾತನ್ನು ಒಪ್ಪಿದರೆ, ನಮ್ಮ ಕರಿಕಲ್ಲು ಪರದೇಶದ ಸಮಾಧಿಯ ಮೇಲೆ ನಿಂತಾಗ ಒಂದು ಶವದ ಮೇಲೆ ಇನ್ನೊಂದು ಶವವನ್ನು ಇಟ್ಟಂತಾಗುತ್ತದೆ. ವಿಜ್ಞಾನ ಇದನ್ನು ಒಪ್ಪದು. ನಾನೂ ಅಕ್ಷರಶಃ ಒಪ್ಪಿದವನಲ್ಲ. ಆದರೂ ಈ ಭಾವನೆಗೊಂದು ಬೆಲೆಯಿದೆ. ಒಡೆಯುವ ಕೈ ಒಂದು ಕ್ಷಣ ತಡೆದು, ಇದು ಬೇಕೇ ಎಂದು ಕೇಳಿಕೊಳ್ಳುವಂತೆ ಅದು ಮಾಡುತ್ತದೆ.

ಎಲ್ಲವನ್ನೂ ಬಿಡುವುದು ಮುನಿಗೆ ಹೇಳಿದ ಧರ್ಮ. ಸಂಸಾರಿಗೆ ಜೈನರು ಹೇಳಿದ್ದು ಪರಿಗ್ರಹಪರಿಮಾಣ: ತನಗೆ ಇಷ್ಟು ಸಾಕೆಂದು ಮೊದಲೇ ಗೆರೆ ಎಳೆದುಕೊಂಡು, ಅದನ್ನು ದಾಟದಿರುವ ವ್ರತ. ‘ಮೊದಲೇ’ ಎಂಬುದೇ ಇಲ್ಲಿ ಮುಖ್ಯ. ಲಾಭ ಕಂಡ ಮೇಲೆ ಎಳೆದ ಗೆರೆ ದಿನಕ್ಕೊಂದು ಮಾರು ಮುಂದೆ ಸರಿಯುತ್ತದೆ. ಪುಣಿಸನ ಬಸದಿಗೆ ಬೇಕಾದುದು ಬಸದಿಯಷ್ಟು ಕಲ್ಲು. ಕಟ್ಟಡ ಮುಗಿದಾಗ ಉಳಿಗೂ ಬಿಡುವು ಸಿಕ್ಕಿತು. ಪೇಟೆಯ ಬೇಡಿಕೆಗೆ ಅಂಥ ಮುಗಿತಾಯವಿಲ್ಲ.

ಆದ್ದರಿಂದ ಪಾವಿತ್ರ್ಯ ಕಲ್ಲಿನ ಗುಣವಲ್ಲ, ನಮ್ಮ ಕೈಗೆ ನಾವೇ ಹಾಕಿಕೊಂಡ ಕಟ್ಟು ಎಂದು ನನಗೆ ತೋರುತ್ತದೆ. ಕನಕಗಿರಿಗೆ ಆ ಕಟ್ಟನ್ನು ಭಕ್ತಿ ಹಾಕಿಕೊಟ್ಟಿತು. ಹೆಸರಿಲ್ಲದ ಗುಡ್ಡಗಳಿಗೆ ವಿವೇಕವೇ ಹಾಕಬೇಕು. ಕೂಲಿಯವನ ಅನ್ನಕ್ಕೆ ಅದರಿಂದ ಕುಂದಿಲ್ಲ. ಕಲ್ಲೆಲ್ಲ ಒಂದೇ ತಲೆಮಾರಿಗೆ ಮುಗಿದರೆ ಅವನ ಮಗನಿಗೆ ಕೂಲಿಯೂ ಇಲ್ಲ, ಗುಡ್ಡವೂ ಇಲ್ಲ.