ಬಲ ಅಂದ್ರೆ ಏನು? ಬಲ ಇಲ್ಲದವನ ಬೆಲೆ ಎಷ್ಟು?

ಚಿತ್ರದುರ್ಗದಲ್ಲಿ ಇರುವವರು, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯಿಂದ ಬಂದವರು, ಬೆಂಗಳೂರಿನ ರೂಮಿನಲ್ಲಿ ಕೂತು ಓದ್ತಿರೋ ಯೌವನಸ್ಥರು, ಎಲ್ಲರಿಗೂ ಇವತ್ತು ಒಂದೇ ಪ್ರಶ್ನೆ. ಬಲ ಅಂದ್ರೆ ಏನು? ಅದು ಇಲ್ಲದವನ ಬೆಲೆ ಎಷ್ಟು?

ನಮ್ಮ ಊರಲ್ಲಿ ಬಲ ಅಂದ ತಕ್ಷಣ ಕೋಟೆ ಕಣ್ಣ ಮುಂದೆ ಬರುತ್ತೆ. ಒನಕೆ ಓಬವ್ವನ ಹೆಸರು ಬರುತ್ತೆ. ಈಗಿನ ಕಾಲದಲ್ಲಿ ಜ್ಯೋತಿರಾಜ್ ಹೆಸರು ಬರುತ್ತೆ. ಹಗ್ಗ ಇಲ್ಲದೆ, ಬರಿಗೈಯಲ್ಲಿ ಕೋಟೆಯ ಗೋಡೆ ಹತ್ತುವ ಅವರನ್ನ ಜನ ಕೋತಿರಾಜ್ ಅಂತಲೇ ಕರೀತಾರೆ. ನೋಡಿದವರು ಏನು ಹೇಳ್ತಾರೆ? "ಅಬ್ಬಾ, ಆ ಬೆರಳುಗಳಲ್ಲಿ ಎಂಥ ಬಲ!"

ಪ್ರಿಯರೇ, ಇಲ್ಲಿ ಸ್ವಲ್ಪ ನಿಲ್ಲಿ. ಬೆರಳನ್ನು ಮಡಚುವ ಸ್ನಾಯು ಬೆರಳಿನ ಒಳಗೆ ಇಲ್ಲ. ನಿಮ್ಮ ಬಲಗೈ ಮುಂದೋಳನ್ನ ಎಡಗೈಯಿಂದ ಹಿಡ್ಕೊಂಡು, ಬಲಗೈ ಬೆರಳುಗಳನ್ನ ಮಡಚಿ ನೋಡಿ. ಅಲುಗಾಟ ಎಲ್ಲಿ ಗೊತ್ತಾಗುತ್ತೆ? ಮುಂದೋಳಲ್ಲಿ. ಬಿಗಿ ಹಿಡಿತ ಕೊಡುವ ದೊಡ್ಡ ಸ್ನಾಯುಗಳು ಅಲ್ಲಿವೆ. ಅಲ್ಲಿಂದ ಉದ್ದನೆಯ ಸ್ನಾಯುರಜ್ಜುಗಳು ಮಣಿಕಟ್ಟು ದಾಟಿ ಬೆರಳಿಗೆ ಬರ್ತವೆ. ಹೆಸರು ಬೆರಳಿಗೆ, ಕೆಲಸ ಮುಂದೋಳಿಗೆ. ಸಭೆಯಲ್ಲೂ ಹೀಗೇ ಅಲ್ವಾ? ಮೈಕ್ ಹಿಡಿದವನು ಕಾಣ್ತಾನೆ, ಕುರ್ಚಿ ಹಾಕಿದವನು ಕಾಣಲ್ಲ. ಮೊದಲನೇ ಮಾತು ಇದು: ಕಾಣೋ ಜಾಗದಲ್ಲೇ ಬಲ ಇರುತ್ತೆ ಅಂತ ಅಂದ್ಕೋಬೇಡಿ.

ಎರಡನೇ ಮಾತು. ನಮ್ಮ ದೇಹದಲ್ಲಿ ಮೂಳೆಗಳನ್ನ ಆಡಿಸುವ ಸ್ನಾಯುಗಳು 600ಕ್ಕಿಂತ ಹೆಚ್ಚು. ಸ್ನಾಯುವನ್ನ ಬಿಡಿಸ್ತಾ ಹೋದ್ರೆ ನಾರುಗಳ ಕಟ್ಟು, ಕಟ್ಟಿನೊಳಗೆ ನಾರು, ನಾರಿನೊಳಗೆ ಇನ್ನೂ ಸಣ್ಣ ಎಳೆಗಳು. ಆ ಎಳೆಯೊಳಗೆ ಆಕ್ಟಿನ್, ಮಯೋಸಿನ್ ಅನ್ನೋ ಎರಡು ಪ್ರೋಟೀನುಗಳು. ನರದಿಂದ ಸಂದೇಶ ಬಂದಾಗ ಒಳಗೆ ಕ್ಯಾಲ್ಸಿಯಂ ಬಿಡುಗಡೆ ಆಗುತ್ತೆ. ಮಯೋಸಿನ್ ತನ್ನ ಸಣ್ಣ ಸಣ್ಣ ತಲೆಗಳಿಂದ ಆಕ್ಟಿನ್ನನ್ನ ಹಿಡಿದು ಎಳೆಯುತ್ತೆ, ಬಿಡುತ್ತೆ, ಮತ್ತೆ ಹಿಡಿಯುತ್ತೆ. ಬಾವಿಯಿಂದ ಹಗ್ಗ ಸೇದಿದ ಹಾಗೆ.

ಇದರಲ್ಲಿ ಎರಡು ವಿಷಯ ಗಮನಿಸಿ. ಒಂದು, ಸ್ನಾಯುವಿಗೆ ಎಳೆಯೋಕೆ ಮಾತ್ರ ಬರುತ್ತೆ, ತಳ್ಳೋಕೆ ಬರಲ್ಲ. ತೋಳಿನ ಮುಂದಿನ ಬೈಸೆಪ್ಸ್ ಮೊಣಕೈ ಮಡಚುತ್ತೆ. ಅದನ್ನ ವಾಪಸ್ ನೇರ ಮಾಡೋಕೆ ಹಿಂದಿರೋ ಟ್ರೈಸೆಪ್ಸ್ ಬೇಕು. ಒಂದು ಎಳೆಯುವಾಗ ಇನ್ನೊಂದು ಸಡಿಲ ಆಗಬೇಕು. ಎರಡೂ ಹಟ ಹಿಡಿದ್ರೆ ಕೈ ಅಲ್ಲಾಡಲ್ಲ. ಗಂಡ ಹೆಂಡತಿ ಜಗಳ ನೆನಪಾಯ್ತಾ? ಆಮೆನ್ ಅನ್ನೋಕೆ ಯಾಕೆ ತಡ?

ಇನ್ನೊಂದು ವಿಷಯ ನನಗೆ ನಿದ್ದೆ ಬರದ ಹಾಗೆ ಮಾಡಿತು. ಶಕ್ತಿ ಖರ್ಚಾಗೋದು ಹಿಡಿದು ಎಳೆಯೋಕೆ ಅಂತ ನಾವು ಅಂದ್ಕೋತೀವಿ. ಆದ್ರೆ ಮಯೋಸಿನ್ ಹಿಡಿದದ್ದನ್ನ ಬಿಡಬೇಕಾದ್ರೂ ಎಟಿಪಿ ಅನ್ನೋ ಇಂಧನ ಬಂದು ಸೇರಬೇಕು. ಅದು ಇಲ್ಲದಿದ್ರೆ ಹಿಡಿತ ಬಿಡೋದೇ ಇಲ್ಲ. ಸತ್ತವರ ದೇಹ ಕೆಲವು ಗಂಟೆಗಳಲ್ಲಿ ಸೆಟೆದುಕೊಳ್ಳೋದು ಇದಕ್ಕೇ. ಇಂಧನ ಮುಗಿದಿದೆ, ಹಿಡಿದದ್ದು ಹಿಡಿದ ಹಾಗೇ ಇದೆ.

ಕೇಳಿಸ್ಕೊಳ್ಳಿ. ಜೀವ ಇರೋದು ಮಾತ್ರ ಬಿಟ್ಟುಕೊಡುತ್ತೆ. ಐದು ವರ್ಷದ ಹಿಂದೆ ಅಣ್ಣ ಹೇಳಿದ ಒಂದು ಮಾತನ್ನ ಇವತ್ತಿಗೂ ಬಿಗಿಯಾಗಿ ಹಿಡ್ಕೊಂಡು, "ನಾನು ಸ್ಟ್ರಾಂಗ್" ಅಂತೀವಲ್ಲ, ಅದು ಬಲ ಅಲ್ಲ, ಸೆಟೆದುಕೊಂಡಿರೋದು. ಹಿರಿಯೂರಿನವರಿಗೆ ನಾನು ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. 1898ರಲ್ಲಿ ಶುರುವಾಗಿ 1907ರಲ್ಲಿ ಮುಗಿದ ವಾಣಿವಿಲಾಸ ಸಾಗರ, ನಮ್ಮ ಮಾರಿಕಣಿವೆ, ವೇದಾವತಿಯನ್ನ ಹಿಡಿದಿಡುತ್ತೆ ನಿಜ. 2022ರಲ್ಲಿ, 89 ವರ್ಷದ ಮೇಲೆ ಕೋಡಿ ಬಿದ್ದಾಗ ಎಷ್ಟು ಜನ ನೋಡೋಕೆ ಹೋದ್ರು! ಆದ್ರೆ ಕಾಲುವೆಗೆ ನೀರು ಬಿಟ್ಟಾಗ ತಾನೇ ತೋಟ ಹಸಿರಾಗೋದು? ಹಿಡಿಯೋದಷ್ಟೇ ಗೊತ್ತಿದ್ದಿದ್ರೆ ಅದು ಬರೀ ಗೋಡೆ.

ಈಗ ಮೂರನೇ ಮಾತು. ಇದು ಕಷ್ಟದ್ದು.

ಸ್ನಾಯುವೇ ಕೈಕೊಟ್ಟವರ ಕಥೆ ಏನು? ಡುಶೇನ್ ಅಂತ ಒಂದು ಸ್ನಾಯುಕ್ಷಯ ರೋಗ ಇದೆ. ಬಹುಪಾಲು ಗಂಡುಮಕ್ಕಳಿಗೇ ಬರುತ್ತೆ. ಸ್ನಾಯುವಿನ ನಾರು ಎಳೆದಾಗ ಹರಿಯದ ಹಾಗೆ ಕಾಯುವ ಡಿಸ್ಟ್ರೋಫಿನ್ ಅನ್ನೋ ಪ್ರೋಟೀನ್ ಅವರಲ್ಲಿ ತಯಾರಾಗಲ್ಲ. ಹಾಗಾಗಿ ಪ್ರತಿ ಚಲನೆಗೂ ನಾರು ಸ್ವಲ್ಪ ಸ್ವಲ್ಪ ಹಾಳಾಗ್ತಾ ಹೋಗುತ್ತೆ. ನೆಲದಿಂದ ಏಳೋವಾಗ ಮಗು ತನ್ನ ತೊಡೆಗಳ ಮೇಲೆ ಕೈ ಊರಿ, ತನ್ನ ಮೈಯನ್ನೇ ಹತ್ತಿ ಏಳುತ್ತೆ. ಮೀನಖಂಡ ದಪ್ಪಗೆ, ಗಟ್ಟಿಮುಟ್ಟಾಗಿ ಕಾಣುತ್ತೆ, ಒಳಗೆ ಬಲ ಇರಲ್ಲ. ಸಾಮಾನ್ಯವಾಗಿ 12 ವರ್ಷದ ಹೊತ್ತಿಗೆ ವೀಲ್‌ಚೇರ್.

ಇಂಥ ಒಬ್ಬ ಹುಡುಗನ ತಾಯಿ ನನ್ನ ಹತ್ತಿರ ಬಂದ್ರು. ಯಾವುದೋ ಪ್ರಾರ್ಥನಾ ಕೂಟದಲ್ಲಿ ಅವರಿಗೆ ಹೇಳಿದ್ದರಂತೆ: "ನಿಮಗೆ ನಂಬಿಕೆ ಸಾಲದು, ಅದಕ್ಕೇ ವಾಸಿ ಆಗಿಲ್ಲ. ಮಾತ್ರೆ ನಿಲ್ಲಿಸಿ." ಆ ತಾಯಿ ಮಗನನ್ನ ಎತ್ತಿಕೊಂಡೇ ಎರಡು ಮಹಡಿ ಇಳಿದು ಹೋಗಿದ್ರು. ಅವರಿಗೆ ನಂಬಿಕೆ ಇಲ್ಲವಾ?

ನಾವು ಸ್ವಸ್ಥತೆಗಾಗಿ ಪ್ರಾರ್ಥಿಸುವ ಜನ. ಅದರಲ್ಲಿ ನನಗೆ ನಾಚಿಕೆ ಇಲ್ಲ, ನಿಲ್ಲಿಸೋದೂ ಇಲ್ಲ. ಆದ್ರೆ ಇದನ್ನ ಸ್ಪಷ್ಟವಾಗಿ ಹೇಳ್ತೀನಿ. ಈ ರೋಗಕ್ಕೆ ಕೊಡುವ ಸ್ಟೀರಾಯ್ಡ್ ಮಾತ್ರೆ ನಡಿಗೆಯನ್ನ ಇನ್ನಷ್ಟು ಕಾಲ ಉಳಿಸುತ್ತೆ. ಅದನ್ನ ತಟ್ಟನೆ ನಿಲ್ಲಿಸಿದ್ರೆ ಪ್ರಾಣಕ್ಕೇ ಅಪಾಯ. ವೈದ್ಯರನ್ನ ಕೇಳದೆ ಯಾರೂ ನಿಲ್ಲಿಸಬಾರದು, ಯಾರೂ ನಿಲ್ಲಿಸಿ ಅಂತ ಹೇಳಲೂಬಾರದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥ ಸ್ನಾಯುರೋಗ ನೋಡುವ ವೈದ್ಯರಿದ್ದಾರೆ. ಕರ್ಕೊಂಡು ಹೋಗಿ.

ಮಾರ್ಕನ ಸುವಾರ್ತೆ ಎರಡನೇ ಅಧ್ಯಾಯ ತೆಗೀರಿ. ಪಾರ್ಶ್ವವಾಯು ಬಡಿದ ಒಬ್ಬನನ್ನ ನಾಲ್ಕು ಜನ ಹೊತ್ತು ತಂದ್ರು. ಬಾಗಿಲಲ್ಲಿ ಜನಜಂಗುಳಿ. ಮಾಳಿಗೆ ಹತ್ತಿ, ಕಿತ್ತು, ಹಾಸಿಗೆ ಸಮೇತ ಇಳಿಸಿದ್ರು. ಯೇಸು ಅಲ್ಲಿ ಯಾರ ನಂಬಿಕೆಯನ್ನ ಕಂಡ ಅಂತ ಬರೆದಿದೆ? ಒಬ್ಬನದ್ದು ಅಂತ ಇಲ್ಲ, ಬಹುವಚನದಲ್ಲಿದೆ. ಮಲಗಿದವನನ್ನ ಮಾತ್ರ ನಿಲ್ಲಿಸಿ "ನಿನಗೆ ನಂಬಿಕೆ ಎಷ್ಟಿದೆ" ಅಂತ ಪರೀಕ್ಷೆ ಮಾಡಲಿಲ್ಲ. ನಂಬಿಕೆ ಅಲ್ಲಿ ಎಂಟು ತೋಳುಗಳಲ್ಲಿ, ಎಂಟು ಕಾಲುಗಳಲ್ಲಿ ಇತ್ತು. ಬೆವರು ಸುರಿಸ್ತಾ ಇತ್ತು.

"ಹಾಗಾದ್ರೆ ಜಿಮ್‌ಗೆ ಹೋಗೋದು ತಪ್ಪಾ ಬ್ರದರ್?" ಅಂತ ಯಾರಾದ್ರೂ ಕೇಳಬಹುದು. ಇಲ್ಲಪ್ಪಾ, ಹೋಗು. ಪೌಲ ಕೂಡ ತಿಮೊಥೆಯನಿಗೆ ಬರೆಯುವಾಗ ದೇಹಸಾಧನೆಯಲ್ಲಿ ಲಾಭವೇ ಇಲ್ಲ ಅನ್ನಲಿಲ್ಲ, ಸ್ವಲ್ಪ ಇದೆ ಅಂದ. ನನ್ನ ಪ್ರಶ್ನೆ ಬೇರೆ. ಆ ತೋಳು ಕನ್ನಡಿಗಾ, ಹಾಸಿಗೆ ಹೊರೋದಕ್ಕಾ? ಹೊಸದುರ್ಗದ ತೆಂಗಿನ ತೋಟದಲ್ಲಿ, ಹೊಳಲ್ಕೆರೆಯ ಅಡಿಕೆ ತೋಟದಲ್ಲಿ ದುಡಿದು ನಿನ್ನ ಫೀಸು ಕಟ್ಟಿದ ಅಪ್ಪನ ತೋಳಿಗೆ ಇನ್‌ಸ್ಟಾಗ್ರಾಮ್‌ನಲ್ಲಿ ಲೈಕ್ ಬರಲ್ಲ. ವಯಸ್ಸಾದ ಹಾಗೆ ಆ ಸ್ನಾಯು ಕರಗ್ತಾ ಇದೆ. ಒಂದು ದಿನ ನಿನ್ನದೂ ಕರಗುತ್ತೆ. ಬಲವೇ ಮನುಷ್ಯನ ಬೆಲೆ ಆಗಿದ್ರೆ, ನಾವೆಲ್ಲ ದಿನಾ ಅಗ್ಗ ಆಗ್ತಾ ಇದ್ದೀವಿ. ನಾನು ಅದನ್ನ ಒಪ್ಪಲ್ಲ. ಬಲ ಕೈಯಲ್ಲಿರೋದು ಇನ್ನೊಬ್ಬರಿಗೋಸ್ಕರ ಕೊಟ್ಟ ಸಾಲ. ಬೆಲೆ ಮಾತ್ರ ಸಾಲ ಅಲ್ಲ, ಅದನ್ನ ದೇವರೇ ಕೊಟ್ಟಿದ್ದಾನೆ.

ಈ ವಾರ ಒಂದು ಕೆಲಸ ಮಾಡಿ. ನಾಲ್ಕು ಜನ ಸೇರಿ. ನಡೆಯೋಕಾಗದ ಒಬ್ಬರ ಮನೆಗೆ ಹೋಗಿ. ಮೊದಲು ಉಪದೇಶ ಬೇಡ. "ಎಲ್ಲಿಗೆ ಹೋಗಬೇಕು ಅನ್ಸಿದೆ?" ಅಂತ ಕೇಳಿ, ಕರ್ಕೊಂಡು ಹೋಗಿ. ಆಮೇಲೆ ಪ್ರಾರ್ಥನೆ ಮಾಡಿ.

ಎದ್ದು ನಿಲ್ಲೋಣ. ನಿಲ್ಲೋಕೆ ಆಗದವರು ಕೂತೇ ಇರಿ, ಅವರ ಪಕ್ಕದಲ್ಲಿರೋರು ಅವರ ಜೊತೆಗೇ ಕೂತ್ಕೊಳ್ಳಿ. ತಂದೆಯೇ, ಹಿಡಿಯೋಕೂ ಬಿಡೋಕೂ ಬೇಕಾದ ಬಲ ಕೊಡು. ನಮ್ಮ ಬಲ ಕುಂದಿದಾಗ ಹೊರುವವರನ್ನ ಕೊಡು. ಅಲ್ಲಿವರೆಗೆ ನಮ್ಮನ್ನೇ ಹೊರುವವರನ್ನಾಗಿ ಮಾಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ಆಮೆನ್.