ಕೋಳಿಮರಿಗಳನ್ನು ತಾಯಿಯಿಂದ ಯಾವಾಗ ಅಗಲಿಸತಕ್ಕದ್ದು?

ಹಳಿಯಾಳ, ಮುಂಡಗೋಡ, ದಾಂಡೇಲಿ, ಜೋಯಿಡಾ ಸೀಮೆಗಳ ಹಳ್ಳಿಗಳಲ್ಲಿ ಕೋಳಿ ಸಾಕುವ ಮನೆಗಳು ಬಹಳವಾಗಿರುವದರಿಂದ, ಮೇಲಿನ ಪ್ರಶ್ನೆಯು ನಮ್ಮ ಓದುಗರಲ್ಲಿ ಅನೇಕರಿಗೆ ಹೊಸದಲ್ಲ. ಇದು ಬರೇ ಲಾಭನಷ್ಟದ ಮಾತೆಂದು ಕೆಲವರು ಎಣಿಸುತ್ತಾರೆ. ಹೇಂಟೆಯೂ ನನ್ನದು, ಮೊಟ್ಟೆಯೂ ನನ್ನದು, ಮರಿಯೂ ನನ್ನದು. ನನ್ನ ಸೊತ್ತನ್ನು ನನಗೆ ಬೇಕಾದಂತೆ ಮಾಡಿದರೆ ಯಾರಿಗೆ ಅನ್ಯಾಯವಾಯಿತು? ಎಂದು ಅವರು ಕೇಳುವರು. ಬೇರೆ ಕೆಲವರು, ತಾಯಿಮಕ್ಕಳನ್ನು ಅಗಲಿಸುವದೇ ಪಾಪವೆಂದು ಹೇಳಿ ಸುಮ್ಮನಾಗುವರು. ಈ ಎರಡು ಉತ್ತರಗಳೂ ಬಲು ಬೇಗನೆ ಕೊಟ್ಟವುಗಳೆಂದು ನಮಗೆ ತೋರುತ್ತದೆ.

ಮೊದಲು ಲಾಭದ ಲೆಕ್ಕವನ್ನೇ ನೋಡೋಣ. ಅದನ್ನು ತುಚ್ಛವೆಂದು ಎಣಿಸಕೂಡದು. ಕೋಳಿಯ ಹಣವು ಹೆಚ್ಚಾಗಿ ಮನೆಯ ಹೆಂಗಸಿನ ಕೈಹಣ. ಮಗುವಿನ ಪುಸ್ತಕವೂ ದೀಪದ ಎಣ್ಣೆಯೂ ಅದರಿಂದಲೇ ಬರುವವು. ನಮ್ಮ ನಾಟಿ ಹೇಂಟೆಯು ಒಂದು ಸರತಿಗೆ ಸುಮಾರು ೧೨ರಿಂದ ೧೫ ಮೊಟ್ಟೆಗಳನ್ನಿಟ್ಟು, ೨೧ ದಿನ ಕಾವು ಕೂತು, ಆಮೇಲೆ ಎರಡು ಮೂರು ತಿಂಗಳು ಮರಿಗಳೊಂದಿಗೆ ತಿರುಗುವದು. ಅಷ್ಟರ ತನಕ ಬೇರೆ ಮೊಟ್ಟೆಯಿಲ್ಲ. ಹೀಗೆ ವರುಷಕ್ಕೆ ಮೂರು ಸರತಿಯಾಗುವದು. ಮರಿಗಳನ್ನು ಒಂದು ತಿಂಗಳಿಗೇ ಬೇರೆ ಮಾಡಿದರೆ ಹೇಂಟೆಯು ಬೇಗನೆ ಮೊಟ್ಟೆಗೆ ತಿರುಗುವದರಿಂದ ನಾಲ್ಕು ಸರತಿಯಾದೀತು. ಅಂದರೆ ವರುಷಕ್ಕೆ ದೊರೆಯುವ ಹೆಚ್ಚಿಗೆಯು ಸುಮಾರು ಒಂದು ಡಜನು ಮೊಟ್ಟೆ. ಬಡವಳಿಗೆ ಅದು ಚಿಕ್ಕದಲ್ಲ. ಆದರೆ ಜೋಯಿಡಾದ ಜಡಿಮಳೆಯಲ್ಲಿ ತಾಯಿಯಿಲ್ಲದ ನಾಲ್ಕು ಮರಿಗಳು ಚಳಿಯಿಂದ ಸತ್ತರೆ ಆ ಹೆಚ್ಚಿಗೆಯೆಲ್ಲಾ ಅಲ್ಲಿಗೇ ತೀರಿತು.

ಹಾಗಾದರೆ ತಾಯಿಯು ಮರಿಗಾಗಿ ಮಾಡುವದೇನು? ಮರಿಯು ಹೊರಗೆ ಬರುವ ಮುಂಚೆಯೇ, ಕಡೇ ದಿನಗಳಲ್ಲಿ, ಓಡಿನೊಳಗಿಂದ ಚೀಂಗುಟ್ಟುವದು. ಹೇಂಟೆಯು ಕೊಕ್ಕರಿಸಿ ಉತ್ತರ ಕೊಡುವದು. ಹೀಗೆ ಅವುಗಳ ಗುರುತು ಕಣ್ಣಿಗಿಂತ ಮೊದಲು ಕಿವಿಯಿಂದ ಆಗುತ್ತದೆ. ಹೊರಬಿದ್ದ ಮರಿಯ ಹೊಟ್ಟೆಯಲ್ಲಿ ಲೋಳೆಹಳದಿಯ ಶೇಷವಿರುವದರಿಂದ ಎರಡು ದಿನಗಳ ವರೆಗೆ ಅದಕ್ಕೆ ಆಹಾರವಿಲ್ಲದಿದ್ದರೂ ನಡೆಯುವದು. ಆದರೆ ಬೆಚ್ಚಗಿಲ್ಲದೆ ಒಂದು ರಾತ್ರಿಯೂ ನಡೆಯದು. ಯಾಕಂದರೆ ಮೈತುಂಬ ಗರಿ ಬರುವ ತನಕ ತನ್ನ ಮೈಕಾವನ್ನು ತಾನೇ ಹಿಡಿದುಕೊಳ್ಳುವ ಶಕ್ತಿಯು ಅದಕ್ಕಿಲ್ಲ. ಇದಲ್ಲದೆ ತಾಯಿಯು ಪಾಠಶಾಲೆಯೂ ಆಗಿದೆ. ಗೆದ್ದಲನ್ನು ಕುಕ್ಕಿ ಕೆಳಗೆ ಹಾಕಿ, ಬೇರೊಂದು ಸ್ವರದಿಂದ ಕರೆದು, ಇದು ತಿನ್ನತಕ್ಕದ್ದೆಂದು ತೋರಿಸುವದು. ಹದ್ದಿನ ನೆರಳು ಬಿದ್ದ ಕೂಡಲೆ ಅದು ಕೂಗುವ ಕೂಗನ್ನು ಕೇಳಿ ಮರಿಗಳು ಪೊದೆಗೆ ನುಗ್ಗುವದನ್ನು ಯಾರು ನೋಡಿಲ್ಲ?

ಹೇಂಟೆಗೆ ಇದೆಲ್ಲಾ ಬರೇ ಯಂತ್ರದಂಥ ಸ್ವಭಾವವೇ ಹೊರತು ನೋವೆಂಬದಿಲ್ಲವೆಂದು ಹೇಳುವವರುಂಟು. ೨೦೧೧ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ವಿಶ್ವವಿದ್ಯಾಲಯದವರು ಇದನ್ನು ಪರೀಕ್ಷಿಸಿದರು. ಮರಿಗಳ ಮೇಲೆ ಸಣ್ಣಗೆ ಗಾಳಿಯೂದಿ ಅವುಗಳ ತುಪ್ಪಳವನ್ನು ಕೆದರಿಸಿದಾಗ, ತನಗೆ ಏನೂ ತಗಲದಿದ್ದರೂ ತಾಯಿಯ ಎದೆಬಡಿತವು ಹೆಚ್ಚಿತು. ಅದು ಎಚ್ಚರಗೊಂಡು ಮರಿಗಳನ್ನು ಕರೆಯತೊಡಗಿತು. ಹೇಂಟೆಯು ಮನುಷ್ಯರಂತೆ ದುಃಖಿಸುವದೆಂದು ಇದರಿಂದ ಸ್ಥಾಪಿಸಲಾಗದು. ಆದರೆ ಅದಕ್ಕೆ ಏನೂ ತೋಚುವದಿಲ್ಲವೆಂಬ ಮಾತನ್ನು ಇನ್ನು ಮೇಲೆ ಧೈರ್ಯದಿಂದ ಹೇಳಕೂಡದು.

ಮೋಶೆಯ ಧರ್ಮಶಾಸ್ತ್ರವು ಈ ವಿಷಯದಲ್ಲಿ ಗಮನಿಸತಕ್ಕದ್ದಾಗಿದೆ. ದನಕುರಿಗಳ ಚೊಚ್ಚಲು ಮರಿಯು ಏಳು ದಿನ ತಾಯಿಯ ಬಳಿಯಲ್ಲಿರಬೇಕು, ಎಂಟನೆಯ ದಿನದಲ್ಲಿ ಅದನ್ನು ಅರ್ಪಿಸಬಹುದು ಎಂಬ ನೇಮವು ಅದರಲ್ಲಿದೆ. ಅಗಲಿಸಲೇಬಾರದೆಂದು ಅದು ಹೇಳಲಿಲ್ಲ. ಮನಸ್ಸು ಬಂದಾಗ ಅಗಲಿಸಬಹುದೆಂದೂ ಹೇಳಲಿಲ್ಲ. ಒಡೆಯನ ಹಕ್ಕು ನಿಜವಾದದ್ದೇ, ಆದರೆ ಅದಕ್ಕೆ ಮುಂಚೆ ತಾಯಿಯ ಪಾಲೊಂದುಂಟು.

ಆ ಪಾಲು ಎಷ್ಟು ದಿನದ್ದು? ನಮ್ಮ ಅಭಿಪ್ರಾಯವೇನಂದರೆ, ದಿನಗಳನ್ನು ಎಣಿಸುವದಕ್ಕಿಂತ ಕೆಲಸವನ್ನು ನೋಡತಕ್ಕದ್ದು. ತಾಯಿಯನ್ನು ತೆಗೆದವನು ತಾಯಿಯ ಸಾಲವನ್ನು ಹೊತ್ತುಕೊಂಡನು. ಕಾವು, ಮೇವು, ಕಾವಲು ಈ ಮೂರನ್ನೂ ಸಲ್ಲಿಸಲು ಶಕ್ತಿಯಿರುವವನು ಬೇಗನೆ ಅಗಲಿಸಿದರೂ ತಪ್ಪಿಲ್ಲ. ಇಲ್ಲದವನು ಗರಿ ತುಂಬುವ ತನಕ, ಅಂದರೆ ಬೇಸಿಗೆಯಲ್ಲಿ ನಾಲ್ಕು ವಾರ, ಮಳೆಗಾಲದಲ್ಲಿ ಆರೆಂಟು ವಾರ, ಕಾಯಬೇಕು. ಇನ್ನೂ ತಾಳಿದರೆ ಹೇಂಟೆಯೇ ಮರಿಗಳನ್ನು ಕುಕ್ಕಿ ಓಡಿಸುವದು.

ಇದಕ್ಕೆ ವಿರೋಧವಾಗಿ ಒಂದು ಬಲವಾದ ಮಾತುಂಟು. ಕಾಡಂಚಿನ ಊರುಗಳಲ್ಲಿ ಮರಿಗಳನ್ನು ತಾಯಿಯೊಂದಿಗೆ ಬಿಟ್ಟರೆ ಮುಂಗುಸಿ, ಕಾಡುಬೆಕ್ಕು, ಗಿಡುಗ, ಕೇರೆಹಾವು ಇವುಗಳಿಗೆ ಊಟವಾಗುವದಷ್ಟೆ. ಹತ್ತರಲ್ಲಿ ನಾಲ್ಕನ್ನು ಉಳಿಸಲಾರದ ತಾಯಿಯ ಬಳಿ ಬಿಡುವದು ದಯವೋ? ಇದು ಸುಳ್ಳಲ್ಲ. ಆದರೆ ಇದರ ಉತ್ತರವು ತಾಯಿಯನ್ನು ತೆಗೆಯುವದರಲ್ಲಿಲ್ಲ, ಬುಟ್ಟಿಯಲ್ಲಿದೆ. ಬಿದಿರಿನ ದೊಡ್ಡ ಬುಟ್ಟಿಯ ಕೆಳಗೆ ಹೇಂಟೆಯನ್ನೂ ಮರಿಗಳನ್ನೂ ಮೊದಲ ಎರಡು ಮೂರು ವಾರ ಇಟ್ಟು, ನುಚ್ಚನ್ನೂ ಗೆದ್ದಲನ್ನೂ ಒಳಗೇ ಕೊಟ್ಟರೆ ಕಾವಲು ನಮ್ಮದು, ಕಾವು ತಾಯಿಯದು. ಬಿದಿರು ಈ ಸೀಮೆಯಲ್ಲಿ ದುರ್ಲಭವಲ್ಲ. ದುರ್ಲಭವಾದದ್ದು ಹೆಣೆಯುವ ಮನಸ್ಸು.

ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಬೆಳಿಸಿದ ಗಿರಿರಾಜ ಕೋಳಿಯ ಸಂಗತಿ ಬೇರೆ. ಆ ತಳಿಯ ಹೇಂಟೆಯು ಸಾಧಾರಣವಾಗಿ ಕಾವು ಕೂರುವದಿಲ್ಲ. ಯಂತ್ರದಲ್ಲಿ ಒಡೆದ ಮರಿಯು ತಾಯಿಯನ್ನೇ ಕಂಡಿರದು. ಅಗಲಿಸಿದ ಕೈ ನಮ್ಮದಲ್ಲವಾದರೂ, ಕೊಂಡು ತಂದ ಕೂಡಲೆ ಸಾಲವು ನಮ್ಮ ಮನೆಗೆ ಬಂತು. ಮೊದಲ ವಾರ ಫಾರೆನ್‌ಹೀಟ್ ೯೫ ಡಿಗ್ರಿಯಷ್ಟು ಕಾವಿಟ್ಟು ವಾರವಾರಕ್ಕೆ ಐದು ಡಿಗ್ರಿ ಇಳಿಸಬೇಕು. ಮಾಪಕವಿಲ್ಲದವರು ಮರಿಗಳನ್ನೇ ನೋಡಲಿ: ದೀಪದ ಕೆಳಗೆ ಒಂದರ ಮೇಲೊಂದು ಬಿದ್ದರೆ ಚಳಿ, ಬಾಯಿತೆರೆದು ಮೂಲೆಗೆ ಓಡಿದರೆ ಸೆಕೆ. ಕರೆಂಟು ನಿಲ್ಲದ ದಾಂಡೇಲಿಯ ಮನೆಗೆ ಒಂದು ಬಲ್ಬು ಸಾಕಾದೀತು. ಮಳೆಗೆ ಕಂಬ ಮುರಿಯುವ ಹಳ್ಳಿಯಲ್ಲಿ ಬಲ್ಬನ್ನು ನಂಬಿ ಮರಿ ತರುವದು ಜಾಣತನವಲ್ಲ. ಅಂಥಲ್ಲಿ ಕಾವು ಕೂತಿರುವ ನಾಟಿ ಹೇಂಟೆಯ ಕೆಳಗೆ ರಾತ್ರಿಯಲ್ಲಿ ಒಂದೆರಡು ದಿನದ ಮರಿಗಳನ್ನು ಮೆಲ್ಲಗೆ ಸೇರಿಸಿದರೆ ಅದು ಹೆಚ್ಚಾಗಿ ಅವನ್ನು ತನ್ನವೆಂದೇ ಸಾಕಿಕೊಳ್ಳುವದು. ಹಗಲಲ್ಲಿ ಇಟ್ಟರೆ ಕುಕ್ಕುವದೂ ಉಂಟು.

ಅಗಲಿಸುವ ದಿನ ಬಂದಾಗ ಮರಿಗಳನ್ನು ಹಳೇ ಜಾಗದಲ್ಲೇ ಬಿಟ್ಟು ತಾಯಿಯನ್ನು ಬೇರೆ ಕಡೆಗೆ ಒಯ್ಯತಕ್ಕದ್ದು. ಅವುಗಳ ಕೂಗು ಕೇಳಿಸದಷ್ಟು ದೂರವಿದ್ದರೆ ಅದು ಒಂದೆರಡು ದಿನ ಕರೆದು ಸುಮ್ಮನಾಗುವದು. ಮಾರುವವರು ಮರಿಯನ್ನು ಒಂಟಿಯಾಗಿ ಕೊಡದೆ, ಕೊಳ್ಳುವವನಿಗೆ ಒಂದೇ ಸಾಕೆಂದರೂ, ಎರಡನ್ನು ಜೊತೆಯಾಗಿ ಕೊಡಲಿ. ಒಂಟಿ ಮರಿಯು ನುಚ್ಚಿನ ಮುಂದೆ ನಿಂತು ತಿನ್ನದೆ ಕೂಗುತ್ತಲೇ ಇರುವದು.